ಇಂಜಿನ್ ಸದ್ದಿಲ್ಲ ಎಂದರೆ ಗಾಡಿ ಆಫ್ ಆಗಿದೆ ಎಂದಲ್ಲ

ಮನೆಗೆ ಹೊಸ ಕಾರು ಬಂದರೆ ನಾವು ಏನೇನು ಮಾಡುತ್ತೇವೆ? ಅರಿಶಿನ ಕುಂಕುಮ ಹಚ್ಚುತ್ತೇವೆ. ಹೂವಿನ ಹಾರ ಹಾಕುತ್ತೇವೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಅಕ್ಕಪಕ್ಕದ ಮನೆಗೆಲ್ಲ ಪೇಡ ಕೊಡುತ್ತೇವೆ. ಕಾರಿನ ಜೊತೆ ಬಂದ ಪುಸ್ತಕವನ್ನು ಮಾತ್ರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ತಳ್ಳಿ ಮುಚ್ಚಿಬಿಡುತ್ತೇವೆ.

ಮಲ್ಲೇಶ್ವರದ ಪರಮಶಿವಯ್ಯನವರು ಮಾಡಿದ್ದೂ ಅದನ್ನೇ.

ಕಾಟನ್‌ಪೇಟೆಯಲ್ಲಿ ಅವರದು ಊದುಬತ್ತಿಯ ಹೋಲ್‌ಸೇಲ್ ಅಂಗಡಿ. ವಯಸ್ಸು ಅರವತ್ತು ದಾಟಿದೆ. ಹರೆಯದಲ್ಲಿ ಅಪ್ಪನ ವ್ಯಾನು, ಆಮೇಲೆ ತಮ್ಮದೇ ಕಾರು, ಹೀಗೆ ಬದುಕೆಲ್ಲ ಗಾಡಿ ಓಡಿಸಿಕೊಂಡೇ ಬಂದವರು. ಈಗ ಆಸೆಪಟ್ಟು ಒಂದು ದೊಡ್ಡ ಕಾರು ತಂದಿದ್ದರು. ಅದಕ್ಕೆ ಬೀಗದ ಕೈ ತಿರುಗಿಸುವ ತೂತಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟ್. ಎಳೆಯುವ ಹ್ಯಾಂಡ್‌ಬ್ರೇಕ್ ಇಲ್ಲ, ಅದಕ್ಕೂ ಒಂದು ಗುಂಡಿ. ಗೇರಿನ ಕಡ್ಡಿ ಹೆಬ್ಬೆರಳಿನಷ್ಟಿದೆ. ಹೇಗೆ ತಳ್ಳಿದರೂ ವಾಪಸ್ ನಡುವಿಗೇ ಬಂದು ನಿಲ್ಲುತ್ತದೆ. ಮುಂದೆಲ್ಲ ಗಾಜಿನ ಪರದೆ.

ಪೂಜೆಯ ದಿನ ಸೊಸೆ ಶರಣ್ಯ ಆ ಪುಸ್ತಕ ಹಿಡಿದು ಬಂದಳು.

"ಮಾವ, ಇದ್ರಲ್ಲಿ ಪಾರ್ಕಿಂಗ್ ಬೇರೆ ಥರ ಇದೆ. ಒಂದ್ಸಲ ಕೂತು ನೋಡೋಣ ಬನ್ನಿ."

ಬೀದಿಯವರೆಲ್ಲ ಪೇಡ ತಿನ್ನುತ್ತ ನಿಂತಿದ್ದರು. ಪರಮಶಿವಯ್ಯ ಗಟ್ಟಿಯಾಗಿ ನಕ್ಕರು.

"ನೀನು ಹುಟ್ಟೋಕ್ ಮುಂಚೆನೇ ನಾನು ಸ್ಟೇರಿಂಗ್ ಹಿಡ್ದೋನು ಕಣಮ್ಮ. ನಂಗೇ ಪಾಠ ಹೇಳ್ತೀಯಾ?"

ಎಲ್ಲರೂ ನಕ್ಕರು. ಪಕ್ಕದ ಮನೆಯ ವೆಂಕಟಾಚಲ ಮೇಷ್ಟ್ರೂ ನಕ್ಕರು. ಶರಣ್ಯ ಮುಖ ಸಣ್ಣದು ಮಾಡಿಕೊಂಡು ಪುಸ್ತಕ ಒಳಗಿಟ್ಟಳು.

ಕೆಲವು ವಾರ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಅವರು ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ಅವರ ರಸ್ತೆ ಶ್ರೀರಾಂಪುರದ ಕಡೆಗೆ ಇಳಿಜಾರು. ಬ್ರೇಕ್ ತುಳಿದದ್ದೇ ಇಂಜಿನ್ನಿನ ಸದ್ದು ತಾನಾಗಿಯೇ ಅಡಗಿತು. ಹಳೇ ಅಭ್ಯಾಸದಂತೆ ಕಡ್ಡಿಯನ್ನು ನ್ಯೂಟ್ರಲ್‌ಗೆ ತಳ್ಳಿದರು. ಅಷ್ಟರಲ್ಲಿ ಫೋನ್ ಬಂತು. ಗಾಡಿ ಆಫ್ ಆಗಿದೆ ಎಂದುಕೊಂಡು ಬಾಗಿಲು ತೆಗೆದು ಇಳಿದರು. ಒಳಗೆ ಏನೋ ಕೀಂ ಕೀಂ ಎಂದಿತು. ಬೆಲ್ಟಿನ ಸದ್ದಿರಬೇಕು ಎಂದುಕೊಂಡು ಫೋನಿನಲ್ಲಿ ಮಾತಾಡುತ್ತ ಗೇಟಿನ ಕಡೆ ನಡೆದರು.

"ಅಯ್ಯೋ, ಗಾಡಿ ಬರ್ತೈತೆ! ಸರೀರೀ!" ಸೊಪ್ಪು ಮಾರುವ ನಾರಾಯಣಮ್ಮ ಕೂಗಿಕೊಂಡಳು.

ಪರಮಶಿವಯ್ಯ ತಿರುಗಿ ನೋಡಿದರು. ಡ್ರೈವರ್ ಇಲ್ಲದ ಕಾರು ಬಾಗಿಲು ತೆರೆದುಕೊಂಡೇ ಇಳಿಜಾರಿನಲ್ಲಿ ಜಾರುತ್ತಿತ್ತು. ಅದರ ಮೂತಿ ನಾರಾಯಣಮ್ಮನ ತಳ್ಳುಗಾಡಿಗೆ ಬಡಿಯಿತು. ಆಕೆ ಹಾರಿ ಪಾರಾದಳು. ತಳ್ಳುಗಾಡಿ ಉರುಳಿ, ದಂಟಿನ ಸೊಪ್ಪು ಆರಿಸುತ್ತಿದ್ದ ವೆಂಕಟಾಚಲ ಮೇಷ್ಟ್ರ ಕಾಲಿನ ಮೇಲೆ ಬಿತ್ತು. ಕಾರು ಮುಂದಿನ ಹೊಂಗೆ ಮರಕ್ಕೆ ಒರಗಿ ನಿಂತಿತು.

ಮೇಷ್ಟ್ರ ಕಾಲಿನ ಮೂಳೆ ಮುರಿದಿತ್ತು. ಅವರ ಹೆಂಡತಿ ಆಂಡಾಳ್ ಮೇಷ್ಟ್ರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇತ್ತ ಜನ ಪರಮಶಿವಯ್ಯನವರನ್ನು ಸುತ್ತುವರಿದರು.

"ನಾನು ಆಫ್ ಮಾಡಿದ್ದೆ! ಆಫ್ ಮಾಡೇ ಇಳಿದೆ!" ಎಂದರು ಅವರು. "ಇದೆಲ್ಲ ಕಂಪ್ಯೂಟರ್ ಗಾಡಿ. ಅದರ ತಲೆ ಕೆಟ್ಟಿದೆ."

ಜನ ಹೌದೆಂದರು. ಎದುರುಮನೆಯ ಮಧುಸೂದನ್ ಹತ್ತಿರವೂ ಅಂಥದ್ದೇ ಕಾರಿತ್ತು. ಅವನು, "ಪಾಪ ಸಾರ್, ನಿಮಗೆಂಥ ಶಾಕ್" ಎಂದು ಮನೆಯಿಂದ ಕಾಫಿ ತರಿಸಿಕೊಟ್ಟ. ಪರಮಶಿವಯ್ಯ ಆ ಕಾಫಿ ಕುಡಿದರು.

ಮರುದಿನ ಶರಣ್ಯ ಹೇಳಿದಳು, "ಮಾವ, ಅಂಗಡಿ ಗೋಡೌನ್ ಅಂಗಳ ಸಮತಟ್ಟಾಗಿದೆ. ಅಲ್ಲಿಗೆ ಹೋಗೋಣ. ನಿನ್ನೆ ಮಾಡಿದ ಹಾಗೇ ಒಂದ್ಸಲ ಮಾಡಿ ತೋರಿಸಿ."

"ನನ್ನ ಮೇಲೆ ಅನುಮಾನನಾ?"

"ಅನುಮಾನ ಅಲ್ಲ ಮಾವ. ಗಾಡಿ ಕೆಟ್ಟಿದ್ರೆ ಕಂಪನಿಯವರಿಗೆ ಹೇಳ್ಬೇಕಲ್ಲ."

ಅವಳೇ ಓಡಿಸಿಕೊಂಡು ಹೋದಳು. ಅಂಗಳದಲ್ಲಿ ಪರಮಶಿವಯ್ಯ ಡ್ರೈವರ್ ಸೀಟಿಗೆ ಕೂತು ಒಂದು ಸುತ್ತು ಹಾಕಿ ಬ್ರೇಕ್ ತುಳಿದರು. ಸದ್ದು ನಿಂತಿತು. ಕಡ್ಡಿ ತಳ್ಳಿದರು.

"ನೋಡಿದ್ಯಾ? ಆಫ್ ಆಯ್ತು."

"ಎದುರಿಗೆ ಪರದೆ ನೋಡಿ ಮಾವ. ದೀಪಗಳು ಉರೀತಾನೇ ಇವೆ. ಪೆಟ್ರೋಲ್ ಉಳಿಸೋಕೆ ಇಂಜಿನ್ ತಾನೇ ಸುಮ್ಮನಾಗಿದೆ, ಸಿಗ್ನಲ್‌ನಲ್ಲಿ ಆಗುತ್ತಲ್ಲ ಹಾಗೆ. ಗಾಡಿ ಆಫ್ ಆಗಿಲ್ಲ. ಅಲ್ಲಿ ಯಾವ ಅಕ್ಷರ ಇದೆ?"

ಅವರು ಕನ್ನಡಕ ಸರಿಮಾಡಿಕೊಂಡರು. "ಎನ್."

"ಎನ್ ಅಂದ್ರೆ ನ್ಯೂಟ್ರಲ್. ಚಕ್ರಕ್ಕೆ ಯಾವ ಹಿಡಿತನೂ ಇಲ್ಲ. ಕಡ್ಡಿ ತುದೀಲಿ 'ಪಿ' ಅನ್ನೋ ಗುಂಡಿ ಇದೆ, ಪಿ ಅಂದ್ರೆ ಪಾರ್ಕ್, ಅದನ್ನ ಒತ್ತಬೇಕಿತ್ತು."

"ಇಷ್ಟು ದಿನ ನಾನು ಅದನ್ನ ಒತ್ತೇ ಇಲ್ವಲ್ಲ?"

"ಇಷ್ಟು ದಿನ ನೀವು ಇಂಜಿನ್ ಗುಂಡಿ ಒತ್ತಿ ಆಫ್ ಮಾಡ್ತಿದ್ರಿ. ಆವಾಗ ಈ ಗಾಡಿ ತಾನೇ ಪಿಗೆ ಹೋಗ್ತಿತ್ತು. ನಿನ್ನೆ ಸದ್ದು ನಿಂತಿತ್ತು ಅಂತ ಆ ಗುಂಡಿ ಒತ್ತಲಿಲ್ಲ. ಈಗ ಬೆಲ್ಟ್ ತೆಗೆದು ಬಾಗಿಲು ತೆಗೀರಿ."

ತೆಗೆದರು. ಕೀಂ ಕೀಂ ಸದ್ದು ಬಂತು. ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಗಾಡಿ ಪಾರ್ಕ್‌ನಲ್ಲಿಲ್ಲ, ಜಾರಬಹುದು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಪರಮಶಿವಯ್ಯನವರ ಮುಖ ಬಿಸಿಯಾಯಿತು. ಗಾಡಿ ಕೂಗಿ ಹೇಳಿತ್ತು. ಸೊಸೆ ಮೊದಲೇ ಹೇಳಹೊರಟಿದ್ದಳು. ಮೇಷ್ಟ್ರು ನೋವಿನಲ್ಲಿ ನರಳುತ್ತ ಆಸ್ಪತ್ರೆಗೆ ಹೋದಾಗ ತಾವು ನಿಂತು ಕಾಫಿ ಕುಡಿದಿದ್ದರು. ಅವರಿಗೆ ಸೊಸೆಯ ಕಡೆ ತಿರುಗಲೂ ಆಗಲಿಲ್ಲ.

ಸಂಜೆ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು.

"ಬನ್ನಿ ಪರಮಶಿವಯ್ಯನವರೇ. ಬೇಜಾರ್ ಮಾಡ್ಕೋಬೇಡಿ. ಮಿಷನ್ ಕೆಟ್ರೆ ನೀವೇನ್ ಮಾಡ್ತೀರಿ?"

ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಪರಮಶಿವಯ್ಯನವರಿಗೆ ನೆಲ ಬಿರಿದು ಒಳಗೆ ಎಳೆದುಕೊಳ್ಳಬಾರದೇ ಎನ್ನಿಸಿತು.

"ಮಿಷನ್ ಕೆಟ್ಟಿರ್ಲಿಲ್ಲ ಮೇಷ್ಟ್ರೇ. ನಂಗೇ ಗೊತ್ತಿರ್ಲಿಲ್ಲ. ಹೇಳ್ಕೊಡೋಕೆ ಬಂದೋಳ ಬಾಯಿ ಮುಚ್ಚಿಸ್ದೆ. ತಪ್ಪು ನಂದೇ."

ಆಂಡಾಳ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಕಾರ್ ಕೆಟ್ಟಿತ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ರಿ. ಇದನ್ನ ಮಾತ್ರ ನಮ್ಮನೆ ಒಳಗೆ ಹೇಳ್ತಿದೀರಲ್ಲ?"

ಪರಮಶಿವಯ್ಯ ತಲೆ ತಗ್ಗಿಸಿಕೊಂಡು ಎದ್ದು ಬಂದರು.

ಬೆಳಿಗ್ಗೆ ನಾರಾಯಣಮ್ಮ ರಿಪೇರಿಯಾದ ತಳ್ಳುಗಾಡಿಯೊಂದಿಗೆ ಬಂದಾಗ ನಾಲ್ಕೈದು ಜನ ಸೇರಿದ್ದರು. ಪರಮಶಿವಯ್ಯ ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದರು. ಸೊಸೆಯ ಬಾಯಿ ಮುಚ್ಚಿಸಿದ್ದನ್ನೂ ಬಿಡಲಿಲ್ಲ. ನಾರಾಯಣಮ್ಮ, "ನಾನು ಹಾರದೇ ಇದ್ದಿದ್ರೆ ಯಾರಿಗೆ ಹೇಳ್ತಿದ್ರಿ ಸ್ವಾಮಿ?" ಎಂದು ಕೇಳಿದಳು. ಯಾರೂ ನಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮಧುಸೂದನ್ ಮೆಲ್ಲಗೆ ಹತ್ತಿರ ಬಂದ. "ಸಾರ್, ನಿಜ ಹೇಳ್ಬೇಕಂದ್ರೆ ನಮ್ಮ ಗಾಡೀಲೂ ಅರ್ಧ ದೀಪ ಯಾಕೆ ಉರಿಯುತ್ತೆ ಅಂತ ನಂಗೆ ಗೊತ್ತಿಲ್ಲ. ಶರಣ್ಯ ಅವ್ರು ನಮ್ಗೂ ಹೇಳ್ಕೊಡ್ತಾರಾ?"

ಭಾನುವಾರ ಆ ಬೀದಿಯವರೆಲ್ಲ ಕಾರಿನ ಸುತ್ತ ನಿಂತರು. ಶರಣ್ಯ ಪಕ್ಕದ ಸೀಟಿನಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಳು. ಪರಮಶಿವಯ್ಯ ಎಲ್ಲರ ಎದುರು ಅವಳು ಹೇಳಿದಂತೆ ಮಾಡುತ್ತ ಹೋದರು. ಒಂದು ಕಡೆ ತಪ್ಪಿದರು, ಇನ್ನೊಮ್ಮೆ ಮಾಡಿದರು. ಅವರ ಹೆಂಡತಿ ಸರ್ವಮಂಗಳಾ ಕಾರಿನ ಕಿಟಕಿಗೆ ಬಗ್ಗಿ ಸೊಸೆಗೆ, "ನಾನು ಓಡಿಸಲ್ಲ. ಆದ್ರೂ ಪಕ್ಕದಲ್ಲಿ ಕೂರೋಳು ನಾನೇ ತಾನೆ? ಕೆಂಪು ಬಂದ್ರೆ ಏನು ಅಂತ ನಂಗೂ ಹೇಳು" ಎಂದರು. ಮೇಷ್ಟ್ರ ಮನೆ ವರಾಂಡದಲ್ಲಿ ಆಂಡಾಳ್ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ.

ಓದುಗರೇ, ಕೇಳುಗರೇ, ನಿಮ್ಮ ಮನೆಗೂ ಇಂಥ ಕಾರು ಬಂದಿರಬಹುದು, ನಾಳೆ ಬರಲೂಬಹುದು. ಸದ್ದು ನಿಂತಿತೆಂದು ಇಳಿಯಬೇಡಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ 'ಪಿ' ಹಾಕಿ, ಪರದೆಯ ಮೇಲೆ ಆ ಅಕ್ಷರ ಬಂದಿದೆಯೇ ಕಣ್ಣಾರೆ ನೋಡಿ. ಪಾರ್ಕಿಂಗ್ ಬ್ರೇಕ್ ಹಾಕಿ. ಗುಂಡಿ ಒತ್ತಿ ಇಂಜಿನ್ ಆಫ್ ಮಾಡಿ. ಆಮೇಲೆ ಬೆಲ್ಟ್ ಬಿಚ್ಚಿ. ಗಾಡಿ ಕೂಗಿದರೆ ಏಕೆಂದು ತಿಳಿಯದೆ ಸೀಟು ಬಿಡಬೇಡಿ. ಒಂದೊಂದು ಕಾರಿನ ರೀತಿ ಒಂದೊಂದು. ನಿಮ್ಮದರ ಪುಸ್ತಕವನ್ನು ಇವತ್ತೇ ಹೊರಗೆ ತೆಗೆಯಿರಿ. ಅರ್ಥವಾಗದಿದ್ದರೆ ಶೋರೂಮಿನವರನ್ನು ಕೇಳಿ, ಮಗಳನ್ನು ಕೇಳಿ, ಸೊಸೆಯನ್ನು ಕೇಳಿ.

ಕೇಳಿದರೆ ಎಲ್ಲಿ ಮರ್ಯಾದೆ ಹೋಗುತ್ತದೋ ಎನ್ನುವವರು ಬೆಳಗಿನ ಹೊತ್ತು ಆ ಬೀದಿಗೆ ಬನ್ನಿ. ಮೇಷ್ಟ್ರು ಕೋಲೂರಿಕೊಂಡು ಕುಂಟುತ್ತ ಸೊಪ್ಪಿಗೆ ಬರುತ್ತಾರೆ. ಎದುರು ಬರಲು ಮುಖವಿಲ್ಲದೆ, ಅವರು ಮನೆ ಸೇರುವ ತನಕ ಪರಮಶಿವಯ್ಯ ತಮ್ಮ ಗೇಟು ದಾಟುವುದಿಲ್ಲ.