ಕೆಂಚಪ್ಪನವರ ಹೊಟ್ಟೆಯೊಳಗಿನ ಗಂಟು

ಕೆಂಚಪ್ಪನವರು ಬಾಗಿಲಲ್ಲಿ ಕಾಣಿಸುವ ಮೊದಲೇ ಅವರ ದನಿ ನನ್ನ ಕೋಣೆಯೊಳಗೆ ಬಂದು ಕುರ್ಚಿ ಎಳೆದು ಕೂತಿತ್ತು. ತರಕಾರಿ ಮಂಡಿಯಲ್ಲಿ ಹರಾಜು ಕೂಗಿ ಪಳಗಿದ ದನಿ. ಬೇರೆ ಊರಿನ ವೈದ್ಯರಿಗೆ ಅವರ ಜಠರದಲ್ಲೊಂದು ಗಂಟು ಕಂಡಿತ್ತಂತೆ. ನೆಲ್ಲಿಕಾಯಿಯಷ್ಟಿದ್ದ ಅದು, ಸುದ್ದಿ ಮಂಡಿ ಮುಟ್ಟುವಷ್ಟರಲ್ಲಿ ಅವರ ಬಾಯಲ್ಲಿ ನಿಂಬೆಹಣ್ಣಾಗಿ, ನನ್ನ ಬಳಿ ಬರುವಾಗ ಬೇಲದ ಹಣ್ಣಾಗಿತ್ತು.

"ಇವರಿಗೆ ಹಸಿವು ಹೇಗಿದೆಯಮ್ಮಾ?" ಎಂದು ಅವರ ಹೆಂಡತಿ ಲಕ್ಕಮ್ಮನನ್ನು ಕೇಳಿದೆ.

"ಭರ್ಜರಿ!" ಎಂದರು ಕೆಂಚಪ್ಪ.

"ನಿದ್ದೆ?"

ಲಕ್ಕಮ್ಮ ಬಾಯಿ ತೆರೆದರು, ಅಷ್ಟರಲ್ಲಿ ಕೆಂಚಪ್ಪನವರೇ ನುಗ್ಗಿದರು. "ಅವಳಿಗೇನು ಗೊತ್ತು ಡಾಕ್ಟ್ರಮ್ಮ? ನಿದ್ದೆ ಮಾಡೋನು ನಾನು."

ಜಠರದ ಒಳಪೊರೆಯನ್ನು ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುವ ಎಂಡೋಸ್ಕೋಪ್ ನಮ್ಮಲ್ಲಿಗೆ ಆಗಷ್ಟೇ ಬಂದಿತ್ತು. ಗಂಟು ಸಾಧುವೋ ಕ್ಯಾನ್ಸರೋ ಎಂಬ ಸುಳಿವು ಪೊರೆಯ ಮೇಲಿನ ಗೆರೆಗಳಲ್ಲಿ, ಕೂದಲೆಳೆಯಂಥ ರಕ್ತನಾಳಗಳಲ್ಲಿ ಸಿಗುತ್ತದೆ.

ಪರೀಕ್ಷೆಯ ದಿನ ಮಂಚದ ಮೇಲೆ ಮಗ್ಗುಲಾದ ಕೆಂಚಪ್ಪನವರು ಹೆಂಡತಿಯ ಕೈಯನ್ನೇ ಬಿಡಲಿಲ್ಲ. ಗಂಟಲಿಗೆ ಜೋಮು ಹಿಡಿಸುವ ಔಷಧಿ ಸಿಂಪಡಿಸಿ, ಬಾಯಿ ಮುಚ್ಚದಂತೆ ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆ ಇಟ್ಟು, ಎಂಡೋಸ್ಕೋಪಿನ ಕೊಳವೆ ಇಳಿಸಿದೆ. ಕುರ್ಚಿಯಲ್ಲಿ ಕೂತಿದ್ದ ದನಿ ಎದ್ದು ಹೊರನಡೆದಂತಾಯಿತು.

"ಈಗ ಇವರಿಗೆ ಮಾತಾಡೋಕಾಗಲ್ವಾ?" ಲಕ್ಕಮ್ಮ ಕೇಳಿದರು.

"ಪರೀಕ್ಷೆ ಮುಗಿಯೋವರೆಗೂ ಆಗಲ್ಲ."

ಆಕೆ ಸೆರಗು ಸರಿಪಡಿಸಿಕೊಂಡು ಸ್ಟೂಲನ್ನು ಮುಂದಕ್ಕೆಳೆದರು. "ಹಾಗಾದ್ರೆ ಕೇಳಿ. ಹಸಿವು ಸತ್ತು ಮೂರು ತಿಂಗಳಾಯ್ತು. ಇವರ ತಟ್ಟೆ ಅನ್ನ ತಿಂದು ನಮ್ಮ ನಾಯಿ ಎಮ್ಮೆ ಥರ ಆಗಿದೆ. ಹೊರಕಡೆ ಹೋದ್ರೆ ಕರ್ರಗೆ, ಡಾಂಬರಿನ ಹಾಗೆ. ಕೇಳಿದ್ರೆ ಗ್ಯಾಸು ಅಂತಾರೆ."

"ಊಂ! ಊಂ!" ಕೆಂಚಪ್ಪ ಕಣ್ಣು ಕೆಕ್ಕರಿಸಿದರು.

"ನೋಡಿ, ಒಪ್ಕೊಂಡ್ರು."

ನನಗೆ ನಗು ತಡೆಯುವುದೇ ಕಷ್ಟವಾಯಿತು. ಗಂಟನ್ನು ಹಿಗ್ಗಿಸಿ ನೋಡಿದೆ. ಗೆರೆಗಳು ಉತ್ತ ಸಾಲಿನಂತೆ ಅಚ್ಚುಕಟ್ಟಾಗಿದ್ದವು, ನಾಳಗಳಲ್ಲೂ ಏರುಪೇರಿಲ್ಲ. "ಇದೇನೂ ಅಪಾಯದ್ದಲ್ಲ" ಎಂದೆ. ಕೆಂಚಪ್ಪನವರ ಮುಖದಲ್ಲಿ ಹರಾಜು ಗೆದ್ದ ಕಳೆ ಬಂತು.

ಆದರೆ ಲಕ್ಕಮ್ಮ ಹೇಳಿದ ಕಪ್ಪು ಬಣ್ಣ ಒಳಗೆಲ್ಲೋ ರಕ್ತ ಒಸರುತ್ತಿರುವುದರ ಗುರುತು; ಅದಕ್ಕೆ ಆ ಗಂಟು ಕಾರಣವಾಗುವಂತಿರಲಿಲ್ಲ. ಕೊಳವೆಯನ್ನು ಹೊರಗೆಳೆಯದೆ ಮತ್ತೆ ಹುಡುಕಿದೆ. ಮಡಿಕೆಯೊಂದರ ಮರೆಯಲ್ಲಿ ಹುಣಸೆಬೀಜದಷ್ಟು ಮಾಸಲು ಕಲೆ, ಅಂಚಿನಲ್ಲಿ ರಕ್ತದ ಒಸರು. ಹಿಗ್ಗಿಸಿದೆ. ಗೆರೆಗಳು ಅಳಿಸಿಹೋಗಿದ್ದವು. ನಾಳಗಳು ಒಂದೆಡೆ ದಪ್ಪ, ಇನ್ನೊಂದೆಡೆ ಎಳೆ, ದಿಕ್ಕು ತಪ್ಪಿದವರಂತೆ ತಿರುಚಿಕೊಂಡಿದ್ದವು. ನನ್ನ ಮುಖ ನೋಡಿ ಲಕ್ಕಮ್ಮ ಗಂಡನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು.

ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ಕ್ಯಾನ್ಸರೇ, ಆದರೆ ಇನ್ನೂ ಮೇಲ್ಪದರ ದಾಟಿರಲಿಲ್ಲ. ಹೊಟ್ಟೆ ಕೊಯ್ಯದೆ, ಬಾಯಿಯಿಂದ ಇಳಿಸಿದ ಕೊಳವೆಯಲ್ಲೇ ಅದನ್ನು ಪೂರ್ತಿ ತೆಗೆಯಲಾಯಿತು. ಎಚ್ಚರಾದ ಕೆಂಚಪ್ಪನವರು ಅಂಗಿ ಎತ್ತಿ ಹೊಟ್ಟೆ ತಡವಿಕೊಂಡು ನಿರಾಶರಾದರು.

"ಮಂಡಿಯಲ್ಲಿ ತೋರಿಸೋಕೆ ಒಂದು ಹೊಲಿಗೆಯಾದರೂ ಬೇಡವಾ ಡಾಕ್ಟ್ರಮ್ಮ?"

ಮರುವರ್ಷದ ತಪಾಸಣೆಯಲ್ಲಿ ಜಠರ ಶುಭ್ರವಾಗಿತ್ತು. ಅವರು ಹೊರಟ ಮೇಲೆ ಕಿಟಕಿಯಿಂದ ನೋಡಿದೆ. ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಲಕ್ಕಮ್ಮ ಕೈ ಆಡಿಸುತ್ತ ಏನೋ ಹೇಳುತ್ತಿದ್ದರು. ಕೆಂಚಪ್ಪ ನಡುವೆ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಕಿತ್ತಳೆಯೊಂದನ್ನು ಸುಲಿದು, ತೊಳೆ ಬಿಡಿಸಿ, ಒಂದೊಂದಾಗಿ ಹೆಂಡತಿಯ ಅಂಗೈಗೆ ಇಡತೊಡಗಿದರು.