ಆರು ಸಾವಿರದ ಎಂಟುನೂರು ಹೆಜ್ಜೆ

ನಾನು ಒಂದು ಹೆಜ್ಜೆ ಎಣಿಸುವ ಯಂತ್ರ. ಬೆಂಕಿಪೆಟ್ಟಿಗೆಯಷ್ಟು ಗಾತ್ರ. ಹೊಟ್ಟೆಯೊಳಗೆ ಒಂದು ಸಣ್ಣ ಲೋಲಕ, ಎದೆಯ ಮೇಲೆ ಅಂಕಿ ತೋರಿಸುವ ಕಿಟಕಿ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ನನ್ನಂಥ ಅರವತ್ತು ಮಂದಿಯೊಡನೆ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಧಾರವಾಡಕ್ಕೆ ಬಂದೆ. ಬೆನ್ನಿಗೆ ಮೂವತ್ತೇಳು ಎಂದು ಬರೆದರು.

ನಮ್ಮನ್ನು ತರಿಸಿದವರು ವಿಶಾಲಾಕ್ಷಿ ಮೇಡಂ. ಹೆಂಗಸರ ನಡಿಗೆ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ದಿನಕ್ಕೆ ಎಷ್ಟು ನಡೆದೆನೆಂದು ಕಣ್ಣಾರೆ ಕಂಡರೆ ಹೆಂಗಸು ಇನ್ನಷ್ಟು ನಡೆಯುತ್ತಾಳೆಯೇ? ಇದು ಅವರ ಪ್ರಶ್ನೆ. ಅದಕ್ಕಾಗಿ ನಮ್ಮಲ್ಲಿ ಅರ್ಧದಷ್ಟು ಮಂದಿಯ ಕಿಟಕಿಗೆ ಕಾಗದ ಅಂಟಿಸಿದರು. ಉಳಿದವರದು ತೆರೆದೇ ಇತ್ತು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಗದಗಿನ ಅನಸೂಯಾ ಎತ್ತಿದ ಚೀಟಿಗೆ ಕಿಟಕಿ ತೆರೆದಿದ್ದ ನಾನು ಬಂದೆ.

"ಎದ್ದಾಗಿಂದ ಮಲಗೂ ತನಕ ಬಿಚ್ಚಬ್ಯಾಡ್ರಿ. ಸಂಜಿಮುಂದ ಅಂಕಿ ನೋಡಿ ಈ ಹಾಳ್ಯಾಗ ಬರೀರಿ" ಎಂದರು ಮೇಡಂ.

"ಆತ್ರಿ. ಇದೇನು ಬಂಗಾರದ ಡಾಬಲ್ಲ, ಕಳ್ಳರ ಹೆದರಿಕಿ ಇಲ್ಲ" ಎಂದು ಅನಸೂಯಾ ನಗುತ್ತ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅವಳ ಗಂಡ ಬಸಲಿಂಗಪ್ಪ ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರ. ಅವನು ಶಾಲೆಗೆ ಹೋದ ಮೇಲೆ ಅನಸೂಯಾ ಒಂದು ಡಬ್ಬಿ ಹಿಡಿದು ಬೆಟಗೇರಿಯ ಕಡೆ ಬಿರಬಿರನೆ ನಡೆಯುತ್ತಿದ್ದಳು. ಅಲ್ಲಿ ಅವಳ ತವರು. ಅಣ್ಣ ಅತ್ತಿಗೆ ಕೆಲಸಕ್ಕೆ ಹೋದರೆ ಕಣ್ಣು ಕಾಣದ ತಾಯಿ ಒಬ್ಬಳೇ. ಮಗಳು ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ಒಮ್ಮೆ ಮುದುಕಿಯ ಕೈ ನನ್ನನ್ನು ಮುಟ್ಟಿತು.

"ಇದೇನಬೇ ಸೊಂಟದಾಗ?"

"ನಾ ಎಷ್ಟ ನಡದೆ ಅಂತ ಎಣಸತೈತಿ, ಯವ್ವಾ."

"ಅಯ್ಯ, ಹಂಗಾರ ನೀ ಇಲ್ಲಿ ಬರೋದು ಇದಕ್ಕೂ ಗೊತ್ತಾತಲ್ಲ!"

ಇಬ್ಬರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಈ ತವರಿಗೆ ಕಾಲಿಡಬಾರದೆಂದು ಮಾಸ್ತರ ಎರಡು ವರ್ಷದ ಹಿಂದೆಯೇ ಹೇಳಿದ್ದ. ಅಣ್ಣನ ಮಗಳ ಲಗ್ನಪತ್ರಿಕೆಯಲ್ಲಿ ಅವನ ಹೆಸರು ಬಿಟ್ಟುಹೋಗಿತ್ತು. ಅದೊಂದೇ ಸಿಟ್ಟು.

ಎರಡನೆಯ ವಾರ ಅವನು ಹಾಳೆಯನ್ನು ಕೈಗೆತ್ತಿಕೊಂಡ.

"ಒಂಬತ್ತ ಸಾವಿರದ ಏಳನೂರು! ಅಡಗಿಮನ್ಯಾಗ ಇಷ್ಟ ನಡೀತಿ?"

"ಮನಿ ಕೆಲಸ ಕಡಿಮಿ ಐತೇನ್ರಿ?"

"ಮತ್ತ ಐತವಾರ ಮೂರ ಸಾವಿರಕ್ಕ ಯಾಕ ನಿಲ್ಲತೈತಿ? ಐತವಾರ ನಮ್ಮ ಮನಿ ಸಣ್ಣದಾಗತೈತೇನು?"

ಮುಂದಿನ ಭಾನುವಾರ ಅವನು ನನ್ನನ್ನು ತನ್ನ ಪ್ಯಾಂಟಿಗೆ ಸಿಕ್ಕಿಸಿಕೊಂಡು ಹೊರಟ. ಪೇಟೆಗೆ ಹೋಗಿ ಬಂದ, ಅಂಕಿ ಬರೆದುಕೊಂಡ. ಗುಡಿಗೆ ಹೋಗಿ ಬಂದ, ಬರೆದುಕೊಂಡ. ಕೊನೆಗೆ ಬೆಟಗೇರಿಯ ಆ ಓಣಿಯ ಮೂಲೆಯವರೆಗೆ ಹೋಗಿ, ಒಳಗೆ ಕಾಲಿಡದೆ ಮನೆಗೆ ತಿರುಗಿ ಬಂದ, ಬರೆದುಕೊಂಡ.

"ಆರು ಸಾವಿರದ ಎಂಟನೂರು. ನಿನ್ನ ಅಂಕಿಯಾಗ ಇದನ್ನ ಕಳದ್ರ ಮನಿಕೆಲಸ ಉಳೀತೈತಿ. ಲೆಕ್ಕ ತಪ್ಪೈತೇನು?"

ಅನಸೂಯಾ ಹಾಳೆಯನ್ನೇ ನೋಡುತ್ತಿದ್ದಳು. ಆಮೇಲೆ ಅವನ ಪ್ಯಾಂಟಿನಿಂದ ನನ್ನನ್ನು ಬಿಚ್ಚಿಕೊಂಡು, "ಇದನ್ನ ಮೇಡಮ್ಮರಿಗೆ ತಿರುಗಿ ಕೊಡತೀನ್ರಿ" ಎಂದಳು.

"ಯಾಕ? ಮಾತು ಕೊಟ್ಟಿಯಲ್ಲ, ಕಟಗೋ. ದಿನಾ ಸಂಜಿಕೆ ನನಗ ತೋರಸು."

ಬಿಚ್ಚಿಟ್ಟು ಹೋದರೆ ಆ ಹೊತ್ತಿನ ಮನೆಗೆಲಸದ ಹೆಜ್ಜೆ ಕಡಿಮೆಯಾಗಿ ಅವನಿಗೆ ಸಿಕ್ಕಿಬೀಳುವೆನೆಂದು ಅವಳು ಹೆದರಿದಳು. ಆದರೆ ನನ್ನನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಅದನ್ನೂ ನಾನು ಹೆಜ್ಜೆಯೆಂದೇ ಎಣಿಸುತ್ತೇನೆ. ಬಿಚ್ಚಿಟ್ಟು ಹೋಗಿ ಬಂದು ಹತ್ತು ನಿಮಿಷ ಅಲುಗಾಡಿಸಿದ್ದರೆ ಸಾಕಿತ್ತು. ಅದು ಅವಳಿಗೆ ತಿಳಿದಿರಲಿಲ್ಲ. ಹೇಳಲು ನನಗೆ ಬಾಯಿ ಇರಲಿಲ್ಲ.

ಮೂರು ಸಾವಿರ. ಎರಡು ಸಾವಿರದ ಒಂಬೈನೂರು. ಮತ್ತೆ ಮೂರು ಸಾವಿರ. ಮಧ್ಯಾಹ್ನ ಅವಳು ಬಾಗಿಲವರೆಗೆ ಬಂದು ನಿಲ್ಲುತ್ತಿದ್ದಳು. ಹೊಸ್ತಿಲಿಗೆ ಬರುವ ಹನ್ನೊಂದು ಹೆಜ್ಜೆಯನ್ನೂ ನಾನು ಎಣಿಸಿದೆ, ತಿರುಗಿ ಹೋಗುವ ಹನ್ನೊಂದನ್ನೂ ಎಣಿಸಿದೆ.

ಐದನೆಯ ವಾರದ ಶುಕ್ರವಾರ ತಾಯಿ ತೀರಿಕೊಂಡಳು. ಆ ದಿನ ಮಾಸ್ತರನೇ ಆಟೋ ತಂದು ಬಾಗಿಲ ಮುಂದೆ ನಿಲ್ಲಿಸಿದ. ಸೊಸೆ ಮುದುಕಿಗೆಂದು ಅನ್ನ ಹಾಕಿ ಮುಚ್ಚಿಟ್ಟು ಹೋದ ತಟ್ಟೆ ಸಂಜೆಯವರೆಗೂ ಹಾಗೆಯೇ ಇರುತ್ತಿತ್ತೆಂದು ನೆರೆಮನೆಯಾಕೆ ಹೇಳಿದಳು. ಅನಸೂಯಾ ತಾಯಿಯ ಪಕ್ಕದಿಂದ ಏಳಲಿಲ್ಲ. ಆ ದಿನ ನನ್ನ ಲೆಕ್ಕ ಇನ್ನೂರ ಹದಿನಾಲ್ಕು.

ಆರನೆಯ ವಾರ ಮೇಡಂ ಹಾಳೆ ಒಯ್ಯಲು ಬಂದರು.

"ಶುರುವಿಗೆ ಎಷ್ಟ ಛಲೋ ನಡೀತಿದ್ರಿ, ಆಮ್ಯಾಲೆ ಯಾಕ ಬಿಟ್ರಿ? ಹೋದ ಶುಕ್ರವಾರ ಅಂತೂ ಬರೇ ಇನ್ನೂರ ಹದಿನಾಲ್ಕಲ್ರಿ!"

ಒಳಗೆ ಮಾಸ್ತರ ಪತ್ರಿಕೆ ಓದುತ್ತಿದ್ದ.

"ಮೊಣಕಾಲ ನೋವ್ರಿ" ಎಂದಳು ಅನಸೂಯಾ. ಆಮೇಲೆ ದನಿ ತಗ್ಗಿಸಿ, "ಶುಕ್ರವಾರ ನಮ್ಮವ್ವ ತೀರಕೊಂಡ್ಲು. ಆಟೋದಾಗ ಹೋಗಿದ್ವಿ" ಎಂದಳು.

ಮೇಡಂ ಪೆನ್ನು ಎತ್ತಿ ಹಾಗೆಯೇ ಹಿಡಿದರು. ಹಾಳೆಯ ಅಂಚಿನಲ್ಲಿ ಮಾಸ್ತರನ ದುಂಡು ಅಕ್ಷರದಲ್ಲಿ ಒಂದು ಕಳೆಯುವ ಲೆಕ್ಕವಿತ್ತು. ಅವರು ಅದನ್ನು ನೋಡಿದರು, ಒಳಗಿನ ಬಾಗಿಲ ಕಡೆ ನೋಡಿದರು, ಅನಸೂಯಾಳ ಮುಖ ನೋಡಿದರು. ನನ್ನನ್ನು ಅವಳ ಸೊಂಟದಿಂದ ತಾವೇ ಬಿಚ್ಚಿಕೊಂಡರು.

ಪ್ರಬಂಧ ಮುಗಿಯಿತು. ಕಿಟಕಿಯಲ್ಲಿ ಅಂಕಿ ಕಂಡ ಹೆಂಗಸರು ಹೆಚ್ಚು ನಡೆದರು ಎಂಬ ಫಲಿತಾಂಶ ಬಂತು. ಮೂವತ್ತೇಳನೆಯವರನ್ನು ಮೊಣಕಾಲು ನೋವಿನ ಕಾರಣ ಕೈಬಿಡಲಾಗಿದೆ ಎಂದು ಅಡಿಟಿಪ್ಪಣಿಯಲ್ಲಿ ಒಂದು ಸಾಲು ಇದೆಯಂತೆ.

ಈಗ ನಾನು ಧಾರವಾಡದಲ್ಲಿ ಮೇಡಂ ಅವರ ವಿಭಾಗದ ಬೀರುವಿನ ಕೆಳಗಿನ ಖಾನೆಯಲ್ಲಿದ್ದೇನೆ. ಬ್ಯಾಟರಿ ಸತ್ತು ವರ್ಷಗಳಾದವು. ನಾನು ಒಂದೂ ಸುಳ್ಳು ಎಣಿಸಲಿಲ್ಲ ಎಂಬುದು ನನಗೆ ಸಮಾಧಾನ ಕೊಡುವುದಿಲ್ಲ. ಕಿಟಕಿಯಲ್ಲಿ ಈಗ ಯಾವ ಅಂಕಿಯೂ ಇಲ್ಲ. ಯಾವ ಹೆಂಗಸು ಬೇಕಾದರೂ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಮನೆಗೆ ಬೇಕಾದರೂ ಹೋಗಿ ಬರಬಹುದು.