ಲೈಸೆನ್ಸಿಲ್ಲದ ಕೈಗಳು

"ಏಯ್, ಬೆರಳಿಡು ಅಂದ್ರೆ ಮೇಜು ಸವರ್ತೀಯಲ್ಲೋ! ಇದೇನು ನಿಮ್ಮಪ್ಪನ ಮನೆ ಹಸು ಅಂದ್ಕೊಂಡ್ಯಾ?"

ಪರೀಕ್ಷಾ ಕೇಂದ್ರದ ಮೇಲ್ವಿಚಾರಕನ ಮಾತಿಗೆ ಗೇಟಿನ ಕಾವಲುಗಾರ ಹಲ್ಲು ಕಿರಿದ. ಸಾಲಿನಲ್ಲಿ ನನ್ನ ಮುಂದಿದ್ದ ಭಾವ ನಗಲಿಲ್ಲ. ಬಲಗೈಯ ಹಿಂಬದಿಯನ್ನು ಕಬ್ಬಿಣದ ಮೇಜಿನ ಅಂಚಿಗೆ ಇನ್ನೊಮ್ಮೆ ತಾಗಿಸಿ ಸರಕ್ಕನೆ ಎಳೆದುಕೊಂಡರು.

"ಸಾರ್, ಮೇಜಲ್ಲಿ ಕರೆಂಟ್ ಬರ್ತಾ ಇದೆ. ಕೆಳಗೆ ನೋಡಿ, ಕೇಬಲ್ ಮೇಲೇ ಮೇಜಿನ ಕಾಲು ನಿಲ್ಸಿದ್ದೀರ."

"ನೀನು ಪರೀಕ್ಷೆ ಬರೆಯೋಕೆ ಬಂದಿದ್ದೀಯೋ, ನನ್ನ ಪರೀಕ್ಷೆ ಮಾಡೋಕೆ ಬಂದಿದ್ದೀಯೋ? ಬಾಯಿ ಮುಚ್ಕೊಂಡು ಬೆರಳಿಡು."

ಅವನ ಕಾಲಿಗೆ ದಪ್ಪ ಅಟ್ಟೆಯ ಬೂಟಿತ್ತು, ಕೂತದ್ದು ಪ್ಲಾಸ್ಟಿಕ್ ಕುರ್ಚಿ. ಅವನಿಗೆಲ್ಲಿಂದ ಗೊತ್ತಾಗಬೇಕು? ನಮ್ಮ ಚಪ್ಪಲಿಗಳನ್ನು ನಿಯಮ ಅಂತ ಗೇಟಿನ ಹೊರಗೇ ಬಿಡಿಸಿದ್ದರು. ಆಗಷ್ಟೇ ಒರೆಸಿದ ಪಡಸಾಲೆಯ ಹಸಿ ನೆಲದ ಮೇಲೆ ಎಂಬತ್ತು ಮಂದಿ ವೈರ್‌ಮನ್‌ಗಳು ಬರಿಗಾಲಲ್ಲಿ ನಿಂತಿದ್ದೆವು.

ನಮ್ಮ ಕಸುಬಿನವರು ಅನುಮಾನದ ಕಬ್ಬಿಣವನ್ನು ಅಂಗೈಯಿಂದ ಮುಟ್ಟುವುದಿಲ್ಲ. ಅಂಗೈ ತಾಗಿಸಿದರೆ ಬೆರಳುಗಳು ತಾವಾಗಿ ಮಡಚಿ ಅದನ್ನೇ ಬಿಗಿಯಾಗಿ ಹಿಡಿದುಬಿಡುತ್ತವೆ. ಹಿಂಬದಿ ತಾಗಿಸಿದರೆ ಕೈ ತಾನೇ ಹಿಂದಕ್ಕೆ ಹಾರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಮೋಟಾರಿನ ಮೇಲೆ ಅಂಗೈ ಇಡಲು ಹೋದಾಗ ಭಾವ ನನ್ನ ಕೆನ್ನೆಗೆ ಬಿಗಿದು ಇದನ್ನು ಕಲಿಸಿದ್ದರು. ಭಾವ ಎಂದರೆ ನನ್ನ ಅಕ್ಕನ ಗಂಡ, ಮೂವತ್ತೊಂದು ವರ್ಷದಿಂದ ವೈರಿಂಗ್ ಮಾಡುತ್ತಿರುವವರು. ಊರಲ್ಲಿ ಅರ್ಧ ಕಟ್ಟಡಗಳಿಗೆ ಬೆಳಕು ಕೊಟ್ಟ ಕೈ ಅದು. ಕೆಲಸದ ಕಾಗದಕ್ಕೆ ಸಹಿ ಮಾತ್ರ ಲೈಸೆನ್ಸ್ ಇದ್ದ ಇನ್ಯಾರದೋ.

ಈಗ ಹೊಸ ಕಾನೂನು ಬಂದಿತ್ತು. ಬರುವ ಒಂದನೇ ತಾರೀಕಿನಿಂದ ಲೈಸೆನ್ಸ್ ಕಾರ್ಡ್ ಇಲ್ಲದವನನ್ನು ಯಾವ ಕೆಲಸದ ಜಾಗಕ್ಕೂ ಬಿಡಬಾರದು. ಐವತ್ತೈದು ತುಂಬಿದವರು ಪರೀಕ್ಷೆಗೆ ಕೂರುವಂತಿಲ್ಲ. ಭಾವನಿಗೆ ಮುಂದಿನ ತಿಂಗಳು ಐವತ್ತೈದು ತುಂಬುತ್ತದೆ. ಇವತ್ತು ತಪ್ಪಿದರೆ ಅವರ ಕಸುಬು ಇವತ್ತಿಗೇ ಮುಗಿಯಿತು.

ಬೆಳಿಗ್ಗೆಯಿಂದ ನಡೆದದ್ದು ಒಂದೇ ಎರಡೇ! ತುಂಬುತೋಳಿನ ಅಂಗಿ ಕೂಡದು ಅಂತ ಕಾವಲುಗಾರ ಕತ್ತರಿ ಹಿಡಿದು ನಿಂತಿದ್ದ. ಭಾವನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟು ಚರ್ಮ ಮುದುಡಿದೆ, ಅದಕ್ಕೇ ಅವರು ಯಾವಾಗಲೂ ತುಂಬುತೋಳು ಹಾಕುವುದು. ಅಕ್ಕ ಇಸ್ತ್ರಿ ಮಾಡಿ ಕೊಟ್ಟಿದ್ದ ಅಂಗಿಯ ತೋಳುಗಳನ್ನು ಆ ಪುಣ್ಯಾತ್ಮ ಪರಪರ ಕತ್ತರಿಸಿ, ಕೈ ನೋಡಿ, "ಥೂ, ಇದೇನೋ ಇದು" ಅಂತ ಮುಖ ಕಿವುಚಿದ. ಆಮೇಲೆ ಜೇಬು ತಪಾಸಣೆ. ವೈರ್‌ಮನ್ ಅಂಗಿ ಹಾಕಿಕೊಂಡ ಅಂದರೆ ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡ ಅಂತಲೇ ಅರ್ಥ. ಮದುವೆಗೆ ಹೋದರೂ ಅಷ್ಟೇ, ಸಾವಿಗೆ ಹೋದರೂ ಅಷ್ಟೇ. ಎಂಬತ್ತು ಜೇಬಿಂದ ಎಂಬತ್ತು ಟೆಸ್ಟರ್ ಹೊರಬಿದ್ದವು.

"ಪರೀಕ್ಷೆಗೆ ಬಂದಿದ್ದೀರೋ ಯುದ್ಧಕ್ಕೆ ಬಂದಿದ್ದೀರೋ, ಬೋಳಿಮಕ್ಕಳಾ?" ಎಂದು ಕಾವಲುಗಾರ ಎಲ್ಲವನ್ನೂ ಪ್ಲಾಸ್ಟಿಕ್ ಬುಟ್ಟಿಗೆ ಸುರಿದ. ನಮಗೂ ನಗು ಬಂತು. ಆಗಿನ್ನೂ ನಗುವ ಹುಮ್ಮಸ್ಸಿತ್ತು.

ಈಗ ಭಾವ ಮೇಜು ಮುಟ್ಟದಂತೆ ಕೈ ಎತ್ತಿ ಬೆರಳಚ್ಚಿನ ಮೆಷಿನ್ ಮೇಲೆ ಹೆಬ್ಬೆರಳಿಟ್ಟರು. ಕೀಂ ಎಂದು ಕೆಂಪು ದೀಪ. ತೋರುಬೆರಳಿಟ್ಟರು. ಕೆಂಪು. ಮೂವತ್ತೊಂದು ವರ್ಷ ತಂತಿ ತಿರುಚಿ, ಸಿಮೆಂಟು ಗೋಡೆ ಕೊರೆದು ಸವೆದ ಬೆರಳು. ಹೀಗಾದೀತು ಅಂತ ಗೊತ್ತಿದ್ದೇ ಅಕ್ಕ ಒಂದು ವಾರ ದಿನಾ ಸಂಜೆ ಅವರ ಕೈಯನ್ನು ಬಿಸಿನೀರಲ್ಲಿ ನೆನೆಸಿ ಎಣ್ಣೆ ತಿಕ್ಕಿದ್ದಳು. ಗೆರೆ ಮೂಡುತ್ತೆ ಅಂತ ಅವಳಿಗೆ ಯಾರೋ ಹೇಳಿದ್ದರಂತೆ.

"ಇದೇನು ಬೆರಳೋ, ಬದನೆಕಾಯೋ? ಒರೆಸ್ಕೊಂಡು ಇಡೋ."

ಒರೆಸಿಕೊಂಡು ಇಟ್ಟರು. ಕೆಂಪು.

"ಕೈ ತೊಳ್ಕೊಂಡು ಬಾ."

ತೊಳೆದುಕೊಂಡು ಬಂದರು. ಕೆಂಪು. ಗೋಡೆ ಗಡಿಯಾರದಲ್ಲಿ ಒಂಬತ್ತಕ್ಕೆ ಹನ್ನೆರಡು ನಿಮಿಷವಿತ್ತು. ಒಂಬತ್ತಕ್ಕೆ ಗೇಟು ಬಂದ್.

"ಸಾರ್, ಹಾಲ್ ಟಿಕೆಟಲ್ಲಿ ಫೋಟೋ ಇದೆ. ಮುಖ ನೋಡಿ ಬಿಡಿ ಸಾರ್," ಎಂದೆ ನಾನು.

"ನಿಮ್ಮ ಮುಖ ಯಾವನಿಗೆ ಬೇಕೋ? ಸರಿಯಾಗಿ ಒತ್ತೋಕೆ ಬರಲ್ಲ, ಲೈಸೆನ್ಸ್ ಬೇಕಂತೆ!" ಮೇಲ್ವಿಚಾರಕ ಸಿಟ್ಟಿಗೆ ಮೆಷಿನ್‌ನ ಜೊತೆಗೆ ಮೇಜನ್ನೇ ಭಾವನ ಕಡೆಗೆ ದಬ್ಬಿದ.

ಮೇಜಿನ ಕಾಲು ಕೇಬಲ್ಲನ್ನು ಅರೆಯಿತು. ಫಟ್ಟೆಂದು ನೀಲಿ ಬೆಳಕು ಹಾರಿ ಸುಟ್ಟ ರಬ್ಬರಿನ ವಾಸನೆ ಎದ್ದಿತು. ಫ್ಯಾನು ನಿಂತಿತು, ಮೆಷಿನ್ ಸತ್ತಿತು. ಆ ಕೇಬಲ್ಲೇ ಪರೀಕ್ಷೆ ಕೋಣೆಯ ಕಂಪ್ಯೂಟರುಗಳಿಗೂ ಹೋಗಿದ್ದರಿಂದ ಅಲ್ಲೂ ಕತ್ತಲೆ. ಕುರ್ಚಿ ಬೀಳಿಸಿ ಎದ್ದ ಮೇಲ್ವಿಚಾರಕನ ಬಾಯಿಂದ "ಅಯ್ಯಯ್ಯಪ್ಪ" ಬಿಟ್ಟು ಬೇರೆ ಮಾತೇ ಹೊರಡಲಿಲ್ಲ.

"ಹೇಳಿದೆ, ಕೇಳಿದ್ರಾ?" ಎಂದರು ಭಾವ.

ಕಟ್ಟಡದ ಎಲೆಕ್ಟ್ರಿಷಿಯನ್‌ಗೆ ರಜೆ, ಫೋನಿಗೂ ಸಿಗಲಿಲ್ಲ. ಮೇಲಿನವರಿಗೆ ಫೋನ್ ಮಾಡಿ ಬೈಸಿಕೊಂಡ ಮೇಲೆ ಮೇಲ್ವಿಚಾರಕನ ನಾಲಿಗೆ ಮೆತ್ತಗಾಯಿತು. ಏಕವಚನ ಹೋಗಿ ಯಜಮಾನ್ರೇ ಬಂತು.

"ಯಜಮಾನ್ರೇ, ಹೇಗಾದ್ರೂ ಮಾಡಿ ಸರಿ ಮಾಡಿಕೊಡಿ. ನಿಮ್ಮನ್ನ ಒಳಗೆ ಕೂರಿಸೋ ಜವಾಬ್ದಾರಿ ನಂದು. ಬೆರಳೂ ಬೇಡ, ಏನೂ ಬೇಡ."

ಕಾವಲುಗಾರ ಬುಟ್ಟಿ ತಂದ. ಎಂಬತ್ತರಲ್ಲಿ ಭಾವ ತಮ್ಮದನ್ನು ಒಂದೇ ನೋಟಕ್ಕೆ ಗುರುತು ಹಿಡಿದು ತೆಗೆದುಕೊಂಡರು. ಹೊರಗೆ ರಾಶಿ ಹಾಕಿದ್ದ ಚೀಲದಿಂದ ಕಟಿಂಗ್ ಪ್ಲೇಯರು, ಟೇಪು ನಾನು ತಂದೆ. ಮೆಟ್ಟಿಲ ಕೆಳಗಿನ ಕತ್ತಲ ಮೂಲೆಯಲ್ಲಿದ್ದ ಕರೆಂಟ್ ಬೋರ್ಡಿಗೆ ಮೇಲ್ವಿಚಾರಕ ಕೊಟ್ಟ ಮೊಬೈಲಿನ ಬೆಳಕು ಹಿಡಿದೆ. ಭಾವ ಮೇನ್ ಸ್ವಿಚ್ ಇಳಿಸಿದರು, ಟೆಸ್ಟರ್ ಇಟ್ಟು ನೋಡಿದರು. ಮೇಜಿನ ಹತ್ತಿರ ಬಂದು ಸುಟ್ಟ ತುಂಡು ಕತ್ತರಿಸಿ, ತಂತಿ ಹೆಣೆದು, ಮೂರು ಸುತ್ತು ಟೇಪು ಎಳೆದು ಕೇಬಲ್ಲನ್ನು ಗೋಡೆಯ ಬದಿಗೆ ಸರಿಸಿ, ಮತ್ತೆ ಮೇನ್ ಏರಿಸಿದರು. ಹತ್ತು ನಿಮಿಷದ ಕೆಲಸ. ಫ್ಯಾನು ತಿರುಗಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ? ಮೇಲ್ವಿಚಾರಕ ಕುರ್ಚಿ ಎತ್ತಿಟ್ಟು ಕೂತ. ಭಾವ ಎದುರು ಬಂದು ನಿಂತಾಗ ತಲೆಯೆತ್ತದೆ ಮೆಷಿನ್ ತೋರಿಸಿದ.

"ಒಂದ್ಸಲ ಇಟ್ಟುಬಿಡು."

ಕೆಂಪು.

"ನೋಡಿದ್ಯಾ? ಮೆಷಿನ್ ತಗೊಳ್ತಿಲ್ಲ. ಅದು ಹಸಿರು ಅನ್ನದೆ ಒಳಗೆ ನಿನ್ನ ಕಂಪ್ಯೂಟರೇ ತೆರೆಯಲ್ಲ. ನಾನೇನು ಮಾಡ್ಲಿ?"

"ಬೆರಳು ಬೇಡ ಅಂದ್ರಲ್ಲ ಸಾರ್. ಮಾತು ಕೊಟ್ರಿ."

"ಮಾತು ಬೇರೆ, ರೂಲ್ಸು ಬೇರೆ. ಸುಮ್ನೆ ಹೋಗು. ಲೈಸೆನ್ಸ್ ಇಲ್ಲದೋನು ಬೋರ್ಡಿಗೆ ಕೈ ಹಾಕಿದ ಅಂತ ಬರೆದು ಕಳಿಸಿದ್ರೆ ಕಂಬಿ ಎಣಿಸ್ತೀಯ."

ನನ್ನ ರಕ್ತ ಕುದಿಯಿತು. "ಸೂಳೆಮಗನೇ" ಅಂತ ಮೇಜಿನ ಮೇಲೆ ಬೀಳುವಷ್ಟರಲ್ಲಿ ಭಾವ ನನ್ನ ರಟ್ಟೆ ಹಿಡಿದು ಎಳೆದರು.

"ಲೋ, ನೀನು ಬೆರಳಿಡು. ಹೋಗು ಒಳಗೆ."

"ನೀವಿಲ್ದೆ ನಾನು ಹೋಗಲ್ಲ ಭಾವ."

"ಇಬ್ರೂ ಮನೇಲಿ ಕೂತ್ರೆ ನಿಮ್ಮಕ್ಕ ಒಲೆ ಮೇಲೆ ಏನಿಡ್ತಾಳೆ, ನಿನ್ನ ತಲೆನಾ? ಹೋಗೋ ಅಂದ್ರೆ!"

ಬೆರಳಿಟ್ಟೆ. ಹಸಿರು. ಆ ಹಸಿರು ಕಂಡು ನನಗೆ ನಾಚಿಕೆಯಾಯಿತು.

ನನ್ನ ಜಾಗ ಬಾಗಿಲ ಪಕ್ಕದಲ್ಲೇ ಇತ್ತು. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು, ಹೊರಗಿನ ಯಾರೂ ಉತ್ತರ ಹೇಳಿಕೊಡಬಾರದಲ್ಲ. ಎಲ್ಲರೂ ಕೂತಾದ ಮೇಲೆ, ಕರೆಂಟ್ ಹೋಗಿದ್ದರಿಂದ ತಡವಾಗಿ, ಗಂಟೆ ಹೊಡೆಯಿತು. ಪರದೆಯಲ್ಲಿ ಮೊದಲ ಪ್ರಶ್ನೆ ಬಂತು. ಓದಿದೆ, ತಲೆಗೆ ಹೋಗಲಿಲ್ಲ. ಕಿವಿ ಪಡಸಾಲೆಯ ಕಡೆಗೇ ಇತ್ತು.

"ಇದಕ್ಕೊಂದು ಹೆಬ್ಬೆಟ್ಟು ಒತ್ತಿ ಹೋಗು." ಮೇಲ್ವಿಚಾರಕನ ದನಿ.

"ಏನಿದು?"

"ನಿನಗೆ ಪ್ರವೇಶ ಕೊಟ್ಟಿಲ್ಲ ಅನ್ನೋದಕ್ಕೆ ದಾಖಲೆ."

"ಸಹಿ ಹಾಕ್ತೀನಿ. ನಂಗೆ ಬರೆಯೋಕೆ ಬರುತ್ತೆ."

"ಸಹಿ ನಡೆಯಲ್ಲ, ಹೆಬ್ಬೆಟ್ಟೇ ಬೇಕು. ಅದೇ ರೂಲ್ಸು."

ನಾನು ಬಾಗಿಲಿಗೆ ಕತ್ತು ಚಾಚಿದೆ. ಭಾವ ಶಾಯಿ ಹತ್ತಿದ ಹೆಬ್ಬೆರಳನ್ನು ಕಾಗದದ ಮೇಲೆ ಒತ್ತಿ ಎತ್ತಿದರು. ಕಾಗದದ ಮೇಲೆ ಗೆರೆಯಿಲ್ಲದ ಕರಿ ಮಚ್ಚೆಯೊಂದು ಮೂಡಿತ್ತು. ಮೇಲ್ವಿಚಾರಕ ಅದನ್ನು ನೋಡಿ, "ಸರಿ, ಆಯ್ತು" ಎಂದು ಕಡತಕ್ಕೆ ಸೇರಿಸಿದ.

"ಒಳಗೆ ಬಿಡೋಕೆ ಆಗದ ಬೆರಳು, ಓಡಿಸೋಕೆ ಆಯ್ತಾ ಸಾರ್?"

ಭಾವ ಬೆರಳನ್ನು ಅಂಗಿಗೆ ಒರೆಸಿಕೊಂಡು ನೇರವಾಗಿ ಮೆಟ್ಟಿಲ ಕೆಳಗೆ ಹೋದರು. ಅಷ್ಟು ಸಿಟ್ಟಿನಲ್ಲೂ ಅವರು ಮೊದಲು ಮಾಡಿದ್ದು ಮೇನ್ ಇಳಿಸುವ ಕೆಲಸ. ನಮ್ಮ ಪರದೆಗಳೆಲ್ಲ ಒಂದೇ ಸಲಕ್ಕೆ ಕಪ್ಪಾದವು. ಭಾವ ವಾಪಸ್ ಬಂದು ಗೋಡೆಯ ಬದಿ ಕುಕ್ಕರಗಾಲಲ್ಲಿ ಕೂತು ಟೇಪು ಬಿಚ್ಚಿದರು, ಹೆಣೆದ ತಂತಿಗಳನ್ನು ಒಂದೊಂದಾಗಿ ಬಿಡಿಸಿ ತುದಿಗಳನ್ನು ದೂರ ದೂರ ಇಟ್ಟರು.

"ಏಯ್, ಏಯ್, ಏನೋ ಮಾಡ್ತಿದ್ದೀಯ?"

"ಲೈಸೆನ್ಸ್ ಇಲ್ಲದೋನು ಮಾಡಿದ ಕೆಲಸ ಸಾರ್. ಬಿಟ್ಟು ಹೋದ್ರೆ ಕಂಬಿ ಎಣಿಸ್ಬೇಕಾಗುತ್ತೆ. ನೀವೇ ಅಂದ್ರಿ."

ಕೈಯಲ್ಲಿ ಪ್ಲೇಯರು ಹಿಡಿದು ಅವರು ನಡೆದು ಬರುವಾಗ ಕಾವಲುಗಾರ ಗೇಟು ತೆಗೆದು ಪಕ್ಕಕ್ಕೆ ಸರಿದ. ಭಾವ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ರಸ್ತೆಗಿಳಿದರು.

ಮೇಲ್ವಿಚಾರಕ ಏದುಸಿರು ಬಿಡುತ್ತ ಕತ್ತಲ ಕೋಣೆಯ ಬಾಗಿಲಿಗೆ ಬಂದು ಕೂಗಿದ. "ಇಲ್ಲಿ ಯಾರಿಗಾದ್ರೂ ವೈರಿಂಗ್ ಬರುತ್ತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದ. ಮೇಲ್ವಿಚಾರಕ ಮೊಬೈಲಿನ ಬೆಳಕನ್ನು ನನ್ನ ಮುಖಕ್ಕೆ ಹಿಡಿದ.

"ನೀನು! ಆಗ ಅವನ ಜೊತೆ ಇದ್ದೋನು. ಎದ್ದೇಳು, ಬಾ."

ನನಗೆ ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಒಂದನೇ ತಾರೀಕು ನನಗೂ ಇತ್ತು. ಮನೆಯಲ್ಲಿ ಒಲೆ ಒಂದೇ, ಅದು ಉರಿಯಬೇಕಾದರೆ ಇನ್ನು ನನ್ನ ಕಾರ್ಡೊಂದೇ ಗತಿ. ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿಟ್ಟೆ.

"ಕೆಲಸ ಬರುತ್ತೆ ಸಾರ್. ಲೈಸೆನ್ಸ್ ಇಲ್ಲ."

"ಅರ್ಧ ಗಂಟೆಯಲ್ಲಿ ಕರೆಂಟ್ ಬರದಿದ್ರೆ ಪರೀಕ್ಷೆ ರದ್ದು ಕಣ್ರೋ! ನಿಮ್ಮೆಲ್ರಿಗೂ ರದ್ದು!"

ಯಾರೂ ಏಳಲಿಲ್ಲ. ಅವನು ಬೆಳಕನ್ನು ನನ್ನ ಪಕ್ಕದವನ ಮೇಲೆ ತಿರುಗಿಸಿದ. ಅವನೂ ಕೈ ಮೇಜಿನ ಮೇಲಿಟ್ಟಿದ್ದ.

"ನಿನಗೆ?"

"ಇಲ್ಲ ಸಾರ್."

"ನಿನಗೆ?"

"ಇಲ್ಲ ಸಾರ್."

ಬೆಳಕು ಎರಡನೇ ಸಾಲಿಗೆ ಹೋಯಿತು.